ನಿಕ್ಷೇಪವೋ ದತ್ತಿಯೋ: ಗದುಗಿನ ಭಾರತದ ಕರ್ಣ

ಬೆಟಗೇರಿಯ ಅವಳಿ ಊರಾದ ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ರಚಿತವಾಯಿತೆಂಬ ಪ್ರತೀತಿಯುಳ್ಳ ಕುಮಾರವ್ಯಾಸಭಾರತದಲ್ಲಿ ಕರ್ಣನ ಪಾತ್ರವನ್ನು ಕುರಿತು ನಮ್ಮ ವಿಮರ್ಶಕರು ಬಹಳ ಬರೆದಿದ್ದಾರೆ. ಅವರ ಗಮನವೆಲ್ಲ ಬಹುಮಟ್ಟಿಗೆ ಅವನ ಸ್ವಾಮಿಭಕ್ತಿ, ಔದಾರ್ಯ, ದುರಂತಗಳ ಕಡೆಗೆ. ಹೆತ್ತವಳು ಬಿಟ್ಟ ಕೂಸು ಕಡೆಗೆ ಯಾರದು ಎಂಬ ಪ್ರಶ್ನೆಗೆ ಕವಿ ಕೊಡುವ ಉತ್ತರವನ್ನು ನಾವಿಲ್ಲಿ ಪರಿಶೀಲಿಸುತ್ತೇವೆ.

ಧರ್ಮಶಾಸ್ತ್ರದಲ್ಲಿ ಇದಕ್ಕೆ ಎರಡು ಉತ್ತರಗಳುಂಟು. ಮನುವು ಹೇಳುವ ಹನ್ನೆರಡು ಬಗೆಯ ಪುತ್ರರಲ್ಲಿ ಕನ್ಯೆಗೆ ಹುಟ್ಟಿದವನು ಕಾನೀನ. ಅವನು ಅವಳ ಕೈಹಿಡಿದವನ ಮಗ. ಹೆತ್ತವರು ತೊರೆಯಲು ಅನ್ಯರು ಎತ್ತಿಕೊಂಡವನು ಅಪವಿದ್ಧ. ಅವನು ಎತ್ತಿಕೊಂಡವನ ಮಗ. ಕರ್ಣನು ಎರಡೂ ಹೌದು. ದತ್ತಕನಂತೂ ಅಲ್ಲ. ದತ್ತಕಕ್ಕೆ ಕೊಡುವ ಕೈ, ಕೊಳ್ಳುವ ಕೈ ಎರಡೂ ಬೇಕು. ೧೯೫೬ರ ಹಿಂದೂ ದತ್ತಕ ಕಾಯಿದೆಯೂ ಈ ನಿಯಮವನ್ನು ಉಳಿಸಿಕೊಂಡಿದೆ. ಕುಂತಿ ಕೂಸನ್ನು ಬಿಟ್ಟದ್ದು ಹೊಳೆಗೆ.

ವ್ಯಾಸಭಾರತದ ಉದ್ಯೋಗಪರ್ವದಲ್ಲಿ ಕೃಷ್ಣನು ಕಾನೀನನ್ಯಾಯವನ್ನು ಹಿಡಿದು ಕರ್ಣನನ್ನು ಪಾಂಡವನೆನ್ನುತ್ತಾನೆ. ಕರ್ಣನು ಸಾಕಿದವರ ಪಕ್ಷವನ್ನು ಹಿಡಿಯುತ್ತಾನೆ: ತನ್ನ ಮೇಲಣ ಅಕ್ಕರೆಯಿಂದ ರಾಧೆಯ ಎದೆಯಲ್ಲಿ ಹಾಲು ಒಸರಿತು, ಅವಳು ತನ್ನ ಮಲಮೂತ್ರಗಳನ್ನು ಬಳಿದಳು, ಅಧಿರಥನು ಜಾತಕರ್ಮ ಮಾಡಿಸಿದನು. ಇಡೀ ಭೂಮಿಗಾಗಲಿ ಹೊನ್ನಿನ ರಾಶಿಗಾಗಲಿ ಈ ಸಂಬಂಧವನ್ನು ಸುಳ್ಳುಮಾಡಲಾರೆನೆಂಬುದು ಅವನ ನಿಲುವು.

ಕನ್ನಡದಲ್ಲಿ ವಿಷಯ ಬೇರೆ ದಾರಿ ಹಿಡಿದಿದೆ. ಪುಲಿಗೆರೆಯ, ಎಂದರೆ ಇಂದಿನ ಲಕ್ಷ್ಮೇಶ್ವರದ, ತಿರುಳ್ಗನ್ನಡದಲ್ಲಿ ಬರೆದೆನೆಂದ ಪಂಪನು ೯೪೧ರಷ್ಟು ಹಿಂದೆಯೇ ಗಂಗೆಯ ತೆರೆಗಳನ್ನು ಕೂಸನ್ನು ತಬ್ಬುವ ತೋಳುಗಳಾಗಿಸಿದನು. ಕುಮಾರವ್ಯಾಸನಲ್ಲಿ ಆ ಗಂಗೆಯೇ ಹೆಣ್ಣಾಗಿ ಬಂದು, ತಾನು ಈವರೆಗೆ ಕಾಯ್ದ ಮಗನನ್ನು ಕುಂತಿಗೆ ಒಪ್ಪಿಸುತ್ತಾಳೆ. ತೊರೆದದ್ದು ನಿಕ್ಷೇಪವಾಯಿತು. ಲೋಕಾಪವಾದಕ್ಕೆ ಹೆದರಿದ ಎಳೆಯ ತಾಯಿಯ ಮೇಲೆ ಕವಿಗಿರುವ ಕರುಣೆ ಇಲ್ಲಿ ಸ್ಪಷ್ಟವಾಗಿದೆ. ಆದರೆ ನಿಕ್ಷೇಪವನ್ನು ಕಾಯ್ದವಳು ಗಂಗೆಯೆಂದಮೇಲೆ, ಹಾಲೂಡಿದ ರಾಧೆಗೆ ಎಡೆಯೆಲ್ಲಿ? ಕೃಷ್ಣನಿಗೆ ಉತ್ತರ ಹೇಳುವಾಗಲೂ ಕರ್ಣನು ತನ್ನನ್ನು ‘ಹೊರೆದ’ವನೆಂದು ನೆನೆಯುವುದು ಕೌರವನನ್ನು. ತಾಯಿಗೆ ಸಲ್ಲಬೇಕಾದ ಕ್ರಿಯಾಪದವು ಒಡೆಯನಿಗೆ ಸಂದಿದೆ.

ಇದು ವೀರಯುಗದ ಮೌಲ್ಯ, ಅನ್ನದ ಋಣವೇ ಅಲ್ಲಿ ಹಿರಿದು ಎಂದು ಸಮಾಧಾನ ಹೇಳಬಹುದು. ಅದು ತಕ್ಕಮಟ್ಟಿಗೆ ನಿಜವೂ ಹೌದು. ಹೆತ್ತವಳ ಹಕ್ಕಿನ ಹಿಂದಿರುವ ಸ್ವಾರ್ಥವನ್ನೂ ಕವಿ ಮುಚ್ಚಿಲ್ಲ: ಒಪ್ಪಿಸಿಕೊಂಡ ಮಗನಿಂದ ಕುಂತಿ ಬೇಡುವುದು, ತೊಟ್ಟ ಬಾಣವನ್ನು ಮತ್ತೆ ತೊಡೆನೆಂಬ ಭಾಷೆಯನ್ನು, ಉಳಿದ ಮಕ್ಕಳ ಪ್ರಾಣವನ್ನು. ಆದರೂ ಹೆತ್ತವಳಿಗೂ ಒಡೆಯನಿಗೂ ವಾದವಿರುವ ಈ ಕಾವ್ಯದ ಉದ್ಯೋಗಪರ್ವದಲ್ಲಿ ಸಾಕಿದ ಮಡಿಲಿಗೆ ಉಳಿದದ್ದು ‘ರಾಧೇಯ’ ಎಂಬ ಹೆಸರು ಮಾತ್ರವೆಂದು ನಮಗೆ ತೋರುತ್ತದೆ.

ತರಗತಿಯಲ್ಲಿ ಕುಳಿತವರಲ್ಲಿ ದತ್ತಕ ಹೋದ ಮಕ್ಕಳಿರಬಹುದು, ಕೊಟ್ಟ ಮನೆಯವರಿರಬಹುದು. ಕರ್ಣನ ಕಣ್ಣೀರನ್ನು ಬೋಧಿಸುವಾಗ ವ್ಯಾಸನ ರಾಧೆಯನ್ನೂ ಪಕ್ಕದಲ್ಲಿಟ್ಟು ಓದಿಸುವುದು ಯುಕ್ತ. ಗದುಗಿನ ಕವಿಯ ಹಿರಿಮೆಗೆ ಅದರಿಂದ ಕುಂದಿಲ್ಲ. ಅವನು ಏನನ್ನು ಆಯ್ದ, ಏನನ್ನು ಬಿಟ್ಟ ಎಂಬುದು ಆಗ ತಿಳಿಯುತ್ತದೆ.