ಪ್ರತಿಕಾಯ ಚಿಕಿತ್ಸೆ: ಶಿಕಾರಿಪುರ, ಸೊರಬದಿಂದ ನೋಡಿದಾಗ

ಔಷಧವೊಂದರ ಯೋಗ್ಯತೆಯನ್ನು ಅಳೆಯುವಾಗ ಎರಡು ಪ್ರಶ್ನೆಗಳನ್ನು ಕೇಳಲೇಬೇಕು. ಅದು ಕಾಯಿಲೆಯ ಮೇಲೆ ಏನು ಮಾಡುತ್ತದೆ? ಕಾಯಿಲೆ ಬಿದ್ದವರ ಬಳಿಗೆ ಹೇಗೆ ಬರುತ್ತದೆ? ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ ಕೋಡಿಯ ಮಠದ 1162ರ ಶಾಸನವೊಂದಿದೆ. ಮಠದಲ್ಲಿ ನಡೆಯುತ್ತಿದ್ದ ವಿದ್ಯಾಭ್ಯಾಸವನ್ನೂ ಅನ್ನದಾನವನ್ನೂ ಬಣ್ಣಿಸುವ ಆ ಶಾಸನ, ದಿಕ್ಕಿಲ್ಲದ ರೋಗಿಗಳಿಗೆ ಮದ್ದು ಸಿಗುವ ಸ್ಥಳವೂ ಅದೇ ಎಂದು ಹೇಳುತ್ತದೆ. ಎಂಟೂವರೆ ಶತಮಾನಗಳ ಹಿಂದೆಯೇ ಈ ನೆಲ ಎರಡನೆಯ ಪ್ರಶ್ನೆಯನ್ನು ಮೊದಲನೆಯದರಷ್ಟೇ ಮುಖ್ಯವೆಂದು ಬಗೆದಿತ್ತು. ಸ್ತನ ಕ್ಯಾನ್ಸರಿಗೆ ಕೊಡುವ ಪ್ರತಿಕಾಯ (ಆ್ಯಂಟಿಬಾಡಿ) ಔಷಧಗಳನ್ನೂ ಈ ಎರಡು ಪ್ರಶ್ನೆಗಳ ಮುಂದೆ ನಿಲ್ಲಿಸಿ ನೋಡಬೇಕು. ಮೊದಲನೆಯದರಲ್ಲಿ ಅವು ಉನ್ನತ ದರ್ಜೆಯಲ್ಲಿ ಗೆಲ್ಲುತ್ತವೆ. ಎರಡನೆಯದರಲ್ಲಿ ಇನ್ನೂ ಗೆದ್ದಿಲ್ಲ.

ಸ್ತನ ಕ್ಯಾನ್ಸರ್ ಒಂದೇ ಹೆಸರಿನ ಕೆಳಗಿರುವ ಹಲವು ಕಾಯಿಲೆಗಳ ಗುಂಪು. ನೂರು ಮಂದಿ ರೋಗಿಗಳಲ್ಲಿ ಹದಿನೈದರಿಂದ ಇಪ್ಪತ್ತು ಮಂದಿಯ ಗಡ್ಡೆಯಲ್ಲಿ ‘ಹರ್-2’ ಎಂಬ ಪ್ರೋಟೀನು ಮಿತಿಮೀರಿರುತ್ತದೆ. ಜೀವಕೋಶದ ಹೊರಪೊರೆಯ ಮೇಲಿದ್ದುಕೊಂಡು, ಬೆಳೆಯುವ ಮತ್ತು ಇಬ್ಭಾಗವಾಗುವ ಸೂಚನೆಯನ್ನು ಒಳಕ್ಕೆ ಕಳಿಸುವುದು ಅದರ ಕೆಲಸ. ಸಾಮಾನ್ಯ ಕೋಶದ ಮೇಲೆ ಇಂಥವು ಸುಮಾರು ಇಪ್ಪತ್ತು ಸಾವಿರ ಇದ್ದರೆ, ಈ ಬಗೆಯ ಕ್ಯಾನ್ಸರ್ ಕೋಶದ ಮೇಲೆ ಇಪ್ಪತ್ತು ಲಕ್ಷದವರೆಗೂ ಇರಬಹುದು. ಸೂಚನೆ ನಿಲ್ಲುವುದೇ ಇಲ್ಲ, ಗಡ್ಡೆ ಬೇಗ ಬೆಳೆದು ಬೇಗ ಹರಡುತ್ತದೆ. ಈ ಪ್ರೋಟೀನನ್ನು ತಯಾರಿಸುವ ಜೀನಿನ ಪ್ರತಿಗಳು ಹೆಚ್ಚಿದ್ದವರಿಗೆ ಕಾಯಿಲೆ ಬೇಗ ಮರುಕಳಿಸುತ್ತದೆ, ಅವರ ಆಯಸ್ಸೂ ಕಡಿಮೆ ಎಂಬುದನ್ನು 1987ರಲ್ಲಿ ಡೆನಿಸ್ ಸ್ಲೇಮನ್ ಮತ್ತು ಸಂಗಡಿಗರು ತೋರಿಸಿಕೊಟ್ಟರು.

ಕೆಡುಕಿನ ಮೂಲ ಕೋಶದ ಹೊರಮೈಯಲ್ಲೇ ಇದ್ದದ್ದು ವಿಜ್ಞಾನಿಗಳಿಗೆ ಅನುಕೂಲವಾಯಿತು. ರಕ್ತದಲ್ಲಿ ಹರಿದುಬರುವ ಪ್ರತಿಕಾಯ ಅದನ್ನು ಹೊರಗಿನಿಂದಲೇ ಹಿಡಿಯಬಹುದು. ಒಂದೇ ಗುರಿಯನ್ನು ಹಿಡಿಯುವ ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ತಯಾರಿಸುವ ವಿಧಾನವನ್ನು 1975ರಲ್ಲಿ ಕೇಂಬ್ರಿಜ್‌ನ ಕೋಹ್ಲರ್ ಮತ್ತು ಮಿಲ್‌ಸ್ಟೈನ್ ಕಂಡುಹಿಡಿದಿದ್ದರು. ಆದರೆ ಆ ಪ್ರತಿಕಾಯ ಇಲಿಯದು. ಮನುಷ್ಯನ ದೇಹ ಅದನ್ನು ಪರಕೀಯವೆಂದು ಗುರುತಿಸಿ ತಳ್ಳಿಹಾಕುತ್ತದೆ. ಅಮೆರಿಕದ ಜೆನೆನ್‌ಟೆಕ್ ಕಂಪನಿಯ ಪಾಲ್ ಕಾರ್ಟರ್ ಮತ್ತು ಜೊತೆಗಾರರು ಇದಕ್ಕೆ ಕಂಡುಕೊಂಡ ಪರಿಹಾರವನ್ನು ನಮ್ಮ ಕಡೆಯ ತೋಟದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕಾಡುಮಾವಿನ ಗಿಡಕ್ಕೆ ಅಪ್ಪೆಮಿಡಿಯ ಕಡ್ಡಿ ಕಸಿ ಕಟ್ಟುವ ಹಾಗೆ, ಹರ್-2 ಅನ್ನು ಹಿಡಿಯುವ ತುದಿಯ ತುಣುಕುಗಳನ್ನಷ್ಟೇ ಇಲಿಯ ಪ್ರತಿಕಾಯದಿಂದ ತೆಗೆದು ಮನುಷ್ಯ ಪ್ರತಿಕಾಯದ ಮೇಲೆ ಕೂರಿಸಿದರು. 1992ರಲ್ಲಿ ಪ್ರಕಟವಾದ ಈ ಕೆಲಸದ ಫಲವೇ ಟ್ರಾಸ್ಟುಜುಮ್ಯಾಬ್. ಹರ್ಸೆಪ್ಟಿನ್ ಎಂಬ ಹೆಸರಿನಲ್ಲಿ 1998ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ದೊರೆಯಿತು.

ಈ ಅಣು ಒಂದಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. ಹೊರಪೊರೆಗೆ ಹತ್ತಿರವಿರುವ ಹರ್-2ರ ಭಾಗವನ್ನು ಹಿಡಿದು ಬೆಳವಣಿಗೆಯ ಸೂಚನೆಯನ್ನು ತಗ್ಗಿಸುತ್ತದೆ. ಅದರ ಹಿಂಬದಿಯ ಭಾಗ ಮನುಷ್ಯನದೇ ಆದ್ದರಿಂದ ದೇಹದ ರಕ್ಷಣಾ ಕೋಶಗಳು ಅದನ್ನು ಗುರುತಿಸಿ ಬಂದು ಗಡ್ಡೆಯ ಕೋಶವನ್ನು ಕೊಲ್ಲುತ್ತವೆ. ಕಿಮೋ ಔಷಧಗಳೊಡನೆ ಕೊಟ್ಟಾಗ ಅವುಗಳ ಪರಿಣಾಮವೂ ಹೆಚ್ಚುತ್ತದೆ. ವೇಗವಾಗಿ ಬೆಳೆಯುವ ಕೋಶಗಳೆಲ್ಲವನ್ನೂ ಕಿಮೋ ಹೊಡೆಯುವುದರಿಂದ ಕೂದಲು ಉದುರುತ್ತದೆ, ಬಾಯಿ ಹುಣ್ಣಾಗುತ್ತದೆ. ಪ್ರತಿಕಾಯ ಮುಖ್ಯವಾಗಿ ತನ್ನ ಗುರುತಿರುವ ಕೋಶವನ್ನೇ ಹಿಡಿಯುತ್ತದೆ. ರೂಪಿಸಿದವರ ಯೋಚನೆಯ ಸ್ಪಷ್ಟತೆ ಔಷಧದ ನಡತೆಯಲ್ಲೂ ಕಾಣುವುದು ವೈದ್ಯಕೀಯದಲ್ಲಿ ಅಪರೂಪ. ಇಲ್ಲಿ ಅದು ಕಾಣುತ್ತದೆ.

ಫಲಿತಾಂಶಗಳೂ ಅದನ್ನೇ ಹೇಳುತ್ತವೆ. ಶಸ್ತ್ರಚಿಕಿತ್ಸೆಯ ನಂತರ ಕಿಮೋ ಮಾತ್ರ ಪಡೆದವರನ್ನೂ ಕಿಮೋ ಜೊತೆ ಒಂದು ವರ್ಷ ಟ್ರಾಸ್ಟುಜುಮ್ಯಾಬ್ ಪಡೆದವರನ್ನೂ ಅಮೆರಿಕದ ಎರಡು ದೊಡ್ಡ ಪ್ರಯೋಗಗಳು ಹೋಲಿಸಿದವು. ಹತ್ತು ವರ್ಷಗಳ ನಂತರ ಮೊದಲ ಗುಂಪಿನಲ್ಲಿ ಶೇ 75ರಷ್ಟು, ಎರಡನೆಯದರಲ್ಲಿ ಶೇ 84ರಷ್ಟು ಮಂದಿ ಬದುಕಿದ್ದರು. ಕಾಯಿಲೆ ಬೇರೆ ಅಂಗಗಳಿಗೆ ಹರಡಿದವರಲ್ಲಿ, ಹರ್-2ರ ಮತ್ತೊಂದು ಭಾಗವನ್ನು ಹಿಡಿಯುವ ಪರ್ಟುಜುಮ್ಯಾಬ್ ಸೇರಿಸಿದಾಗ ಬದುಕಿನ ಮಧ್ಯಕ ಅವಧಿ 40.8 ತಿಂಗಳಿಂದ 56.5 ತಿಂಗಳಿಗೆ ಏರಿತು. ಆಮೇಲೆ ಪ್ರತಿಕಾಯದ ಬೆನ್ನಿಗೇ ಕಿಮೋ ವಿಷವನ್ನು ಅಂಟಿಸಿ ಗಡ್ಡೆಯೊಳಕ್ಕೆ ಕಳಿಸುವ ಔಷಧಗಳು ಬಂದವು. 2019ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಟ್ರಾಸ್ಟುಜುಮ್ಯಾಬ್ ಡೆರುಕ್ಸ್‌ಟೆಕಾನ್‌ನ ಪ್ರತಿಯೊಂದು ಪ್ರತಿಕಾಯವೂ ಸುಮಾರು ಎಂಟು ವಿಷದ ಅಣುಗಳನ್ನು ಹೊರುತ್ತದೆ. ಹರ್-2 ಕಡಿಮೆ ಇರುವ ಗಡ್ಡೆಗಳ ಮೇಲೂ ಇದು ಕೆಲಸ ಮಾಡುತ್ತದೆಂದು 2022ರಲ್ಲಿ ಸಾಬೀತಾಗಿ, ಚಿಕಿತ್ಸೆಗೆ ಅರ್ಹರಾದವರ ವಲಯವೇ ಹಿಗ್ಗಿತು.

ಕೊರತೆಗಳನ್ನು ಮುಚ್ಚಿಡಬಾರದು. ಟ್ರಾಸ್ಟುಜುಮ್ಯಾಬ್ ಹೃದಯದ ಸ್ನಾಯುವನ್ನು ದುರ್ಬಲಗೊಳಿಸಬಹುದು. ಅದಕ್ಕಾಗಿಯೇ ಚಿಕಿತ್ಸೆಗೆ ಮುನ್ನ ಮತ್ತು ಚಿಕಿತ್ಸೆ ನಡೆಯುವಾಗ ಸುಮಾರು ಮೂರು ತಿಂಗಳಿಗೊಮ್ಮೆ ಹೃದಯದ ಎಕೋ ಪರೀಕ್ಷೆ ಮಾಡಿಸಬೇಕು. ಡೆರುಕ್ಸ್‌ಟೆಕಾನ್ ಕೆಲವರಲ್ಲಿ ಶ್ವಾಸಕೋಶದ ಉರಿಯೂತ ತರುತ್ತದೆ, ಅದು ಜೀವಕ್ಕೂ ಎರವಾಗಬಹುದು. ಪ್ರತಿಕಾಯದ ಅಣು ದೊಡ್ಡದಾದ್ದರಿಂದ ಮಿದುಳಿಗೆ ಹರಡಿದ ಕಾಯಿಲೆಯನ್ನು ಟ್ರಾಸ್ಟುಜುಮ್ಯಾಬ್ ಸರಿಯಾಗಿ ತಲುಪುವುದಿಲ್ಲ. ಕಾಲ ಕಳೆದಂತೆ ಕೆಲವು ಗಡ್ಡೆಗಳು ಔಷಧಕ್ಕೆ ಬಗ್ಗದಂತಾಗುತ್ತವೆ. ಹೀಗಿದ್ದರೂ, ಹರ್-2 ಮಿತಿಮೀರಿದ ಕ್ಯಾನ್ಸರಿನ ಹಣೆಬರಹವನ್ನು ಈ ಔಷಧಗಳು ಬದಲಿಸಿದವು ಎಂಬುದರಲ್ಲಿ ಸಂಶಯವಿಲ್ಲ.

ಇನ್ನು ಎರಡನೆಯ ಪ್ರಶ್ನೆ. ಇಲ್ಲಿ ಕರ್ನಾಟಕದ ಪಾಲು ದೊಡ್ಡದು. ಬೆಂಗಳೂರಿನ ಬಯೋಕಾನ್ ತಯಾರಿಸಿದ ಟ್ರಾಸ್ಟುಜುಮ್ಯಾಬ್ ‘ಕ್ಯಾನ್‌ಮ್ಯಾಬ್’ ಹೆಸರಿನಲ್ಲಿ 2014ರಲ್ಲಿ ಮಾರುಕಟ್ಟೆಗೆ ಬಂತು. ಜೀವಕೋಶಗಳಲ್ಲಿ ಬೆಳೆಸಬೇಕಾದ ಇಂಥ ಔಷಧವನ್ನು ಮಾತ್ರೆಯ ಹಾಗೆ ಅಕ್ಷರಶಃ ನಕಲು ಮಾಡಲಾಗದು. ಮೂಲಕ್ಕೆ ಸರಿಸಮನೆಂದು ಪರೀಕ್ಷೆಗಳಿಂದ ತೋರಿಸಬೇಕು. ಜೆನೆನ್‌ಟೆಕ್‌ನ ಒಡೆತನವಿರುವ ರೋಶ್ ಕಂಪನಿ ಇದರ ವಿರುದ್ಧ ದೆಹಲಿ ಹೈಕೋರ್ಟಿನ ಮೆಟ್ಟಿಲೇರಿತು. ಆದರೆ 2017ರ ಡಿಸೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಕರೇ ಬಯೋಕಾನ್ ಮತ್ತು ಮೈಲಾನ್ ಜೊತೆಗೂಡಿ ಅಭಿವೃದ್ಧಿಪಡಿಸಿದ ಔಷಧಕ್ಕೆ ಅನುಮತಿ ಕೊಟ್ಟರು. ಆ ದೇಶದಲ್ಲಿ ಅನುಮತಿ ಪಡೆದ ಮೊದಲ ಟ್ರಾಸ್ಟುಜುಮ್ಯಾಬ್ ಸಮರೂಪ ಔಷಧ ಅದು. ಬೆಲೆಯ ಲೆಕ್ಕಕ್ಕೆ ಬಂದರೆ, 2014ರಲ್ಲಿ ಕ್ಯಾನ್‌ಮ್ಯಾಬ್‌ನ 440 ಮಿಲಿಗ್ರಾಂ ಸೀಸೆಗೆ 57,500 ರೂಪಾಯಿ. ಮೂಲ ಔಷಧಕ್ಕಿಂತ ಸುಮಾರು ಕಾಲು ಭಾಗ ಅಗ್ಗ, ಆದರೂ ಮೆಕ್ಕೆಜೋಳ ಬೆಳೆಯುವ ಸಣ್ಣ ರೈತನ ಮನೆಗೆ ಎಟುಕದ ಮೊತ್ತ. ಮುಂದೆ ಇನ್ನಷ್ಟು ಕಂಪನಿಗಳು ಬಂದವು, ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಗೆ ಟ್ರಾಸ್ಟುಜುಮ್ಯಾಬ್ ಸೇರಿತು. 2024ರ ಕೇಂದ್ರ ಬಜೆಟ್ ಡೆರುಕ್ಸ್‌ಟೆಕಾನ್ ಮೇಲಿನ ಆಮದು ಸುಂಕವನ್ನು ತೆಗೆದುಹಾಕಿತು. ಬೆಲೆಯ ಬೇಲಿ ಪೂರ್ತಿ ಬಿದ್ದಿಲ್ಲ, ತಗ್ಗಿದೆ.

ಬೆಲೆಗಿಂತ ಮೊದಲೇ ಎದುರಾಗುವ ತೊಡಕೊಂದಿದೆ, ಅದು ಪರೀಕ್ಷೆ. ಗಡ್ಡೆಯಲ್ಲಿ ಹರ್-2 ಎಷ್ಟಿದೆ ಎಂದು ತಿಳಿಯದೆ ಈ ಔಷಧ ಬರೆಯುವಂತಿಲ್ಲ. ಬಯಾಪ್ಸಿಯಲ್ಲಿ ತೆಗೆದ ತುಣುಕನ್ನು ಒಂದು ಗಂಟೆಯೊಳಗೆ ಸರಿಯಾದ ಫಾರ್ಮಲಿನ್ ದ್ರಾವಣಕ್ಕೆ ಹಾಕಬೇಕು. ಅದರಲ್ಲಿ ಆರು ಗಂಟೆಗಿಂತ ಕಡಿಮೆಯಾಗಲಿ 72 ಗಂಟೆಗಿಂತ ಹೆಚ್ಚಾಗಲಿ ಇಡಬಾರದು. ಇದು ತಪ್ಪಿದರೆ ಎಷ್ಟೇ ದೊಡ್ಡ ಪ್ರಯೋಗಾಲಯವಾದರೂ ತಪ್ಪು ಉತ್ತರ ಕೊಡಬಹುದು. ವರದಿಯಲ್ಲಿ 3+ ಬಂದರೆ ಹರ್-2 ಮಿತಿಮೀರಿದೆ ಎಂದರ್ಥ. 2+ ಬಂದರೆ ‘ಫಿಶ್’ ಎಂಬ ಇನ್ನೊಂದು ಪರೀಕ್ಷೆ ಆಗಲೇಬೇಕು. ಗಂಟನ್ನು ಸಣ್ಣ ಆಸ್ಪತ್ರೆಯಲ್ಲಿ ಅವಸರದಿಂದ ಕತ್ತರಿಸಿ ತೆಗೆದು, ತುಣುಕನ್ನು ಪರೀಕ್ಷೆಗೇ ಕಳಿಸದಿದ್ದರೆ ರೋಗಿಗೆ ಸಿಗಬಹುದಾಗಿದ್ದ ಔಷಧದ ಬಾಗಿಲು ಅಲ್ಲೇ ಮುಚ್ಚಿಹೋಗುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಮಾದರಿಗಳು ಪುಣೆಯ ವೈರಸ್ ಸಂಶೋಧನಾ ಕೇಂದ್ರವನ್ನು ತಲುಪಿದ್ದರಿಂದಲೇ ಮಂಗನ ಕಾಯಿಲೆಯ ವೈರಸ್ ಜಗತ್ತಿಗೆ ಗೊತ್ತಾಯಿತು. ಅಂದಿನ ರಸ್ತೆಗಳಲ್ಲೇ ಅದು ಸಾಧ್ಯವಾಗಿತ್ತೆಂದರೆ, ಇಂದು ಒಬ್ಬ ಹೆಣ್ಣುಮಗಳ ಗಡ್ಡೆಯ ತುಣುಕು ಕೆಡದಂತೆ ಪ್ರಯೋಗಾಲಯ ಸೇರುವುದು ಅಸಾಧ್ಯವೇನಲ್ಲ.

ಆಮೇಲಿನದು ದಾರಿ. ಟ್ರಾಸ್ಟುಜುಮ್ಯಾಬ್ ಅನ್ನು ಸಾಮಾನ್ಯವಾಗಿ ಮೂರು ವಾರಕ್ಕೊಮ್ಮೆ, ಒಂದು ವರ್ಷ ಡ್ರಿಪ್ ಮೂಲಕ ಕೊಡುತ್ತಾರೆ. ಅಂದರೆ ಸುಮಾರು ಹದಿನೆಂಟು ಸಲ. ಶಿಕಾರಿಪುರದಿಂದ ಶಿವಮೊಗ್ಗ ಐವತ್ತು ಕಿಲೋಮೀಟರು, ಸೊರಬದಿಂದ ಎಂಬತ್ತಕ್ಕೂ ಮೇಲೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಹೋಗಬೇಕೆಂದರೆ ಮುನ್ನೂರು ದಾಟುತ್ತದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ಭರವಸೆ ಕೊಡುತ್ತದೆ. ಆದರೆ ನಾಟಿಯ ಹೊತ್ತಿನಲ್ಲಿ ತಪ್ಪಿದ ಕೂಲಿಯನ್ನಾಗಲಿ, ಜೊತೆಗೆ ಬಂದವರ ಊಟವನ್ನಾಗಲಿ, ಮನೆಯಲ್ಲಿ ಬಿಟ್ಟುಬಂದ ಮಕ್ಕಳ ಪಾಡನ್ನಾಗಲಿ ಯಾವ ಕಾರ್ಡೂ ತುಂಬಿಕೊಡುವುದಿಲ್ಲ. ಗಡ್ಡೆ ತೆಗೆಸಿಕೊಂಡು ಮೈ ಹಗುರವಾದ ಹೆಂಗಸಿಗೆ ಎಂಟನೆಯ, ಒಂಬತ್ತನೆಯ ಸಲ ಬಸ್ಸು ಹತ್ತಲು ಕಾರಣವೇ ಕಾಣದು. ಔಷಧ ಅರ್ಧಕ್ಕೇ ನಿಲ್ಲುವ ಅಪಾಯ ಇರುವುದು ಅಲ್ಲೇ.

ಈ ತೊಡಕನ್ನು ಬಿಡಿಸುವ ಸಾಧನಗಳು ವಿಜ್ಞಾನದ ಕೈಯಲ್ಲೇ ಇವೆ. ತೊಡೆಯ ಚರ್ಮದಡಿಗೆ ಐದು ನಿಮಿಷದೊಳಗೆ ಕೊಡಬಹುದಾದ ಟ್ರಾಸ್ಟುಜುಮ್ಯಾಬ್ ಯುರೋಪಿನಲ್ಲಿ 2013ರಿಂದಲೇ ಬಳಕೆಗೆ ಬಂದಿದೆ. ಅದಕ್ಕೆ ತೂಕದ ಲೆಕ್ಕ ಬೇಡ, ಎಲ್ಲರಿಗೂ 600 ಮಿಲಿಗ್ರಾಂ. ಆರು ತಿಂಗಳ ಚಿಕಿತ್ಸೆ ಒಂದು ವರ್ಷದ್ದಕ್ಕೆ ಕಡಿಮೆಯಿಲ್ಲವೆಂದು ಬ್ರಿಟನ್ನಿನ ಪರ್ಸೆಫನಿ ಪ್ರಯೋಗ 2019ರಲ್ಲಿ ತೋರಿಸಿತು. ಫ್ರಾನ್ಸಿನ ಪ್ರಯೋಗಕ್ಕೆ ಅದನ್ನು ಸಾಬೀತುಪಡಿಸಲಾಗದ್ದರಿಂದ ಒಂದು ವರ್ಷವೇ ಇಂದಿಗೂ ರೂಢಿಯ ಅವಧಿ. ಆದರೆ ಪೂರ್ತಿ ವರ್ಷ ಬರಲಾಗದವರಿಗೆ ಆರು ತಿಂಗಳು ಏನೂ ಇಲ್ಲದ್ದಕ್ಕಿಂತ ಎಷ್ಟೋ ಮೇಲು ಎಂಬುದನ್ನು ವೈದ್ಯರು ಬಾಯಿಬಿಟ್ಟು ಹೇಳಬೇಕು. ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ ಕೇರ್ ಕ್ಯಾನ್ಸರ್ ಕೇಂದ್ರ ತೆರೆಯುವ ಮಾತನ್ನು 2025ರ ಕೇಂದ್ರ ಬಜೆಟ್ ಆಡಿದೆ. ಅದು ಜಿಲ್ಲಾ ಕೇಂದ್ರಕ್ಕೇ ನಿಂತರೆ ಸಾಲದು. ಮೊದಲ ಕೆಲವು ಸುತ್ತುಗಳನ್ನು ದೊಡ್ಡ ಆಸ್ಪತ್ರೆಯಲ್ಲಿ ಮುಗಿಸಿ, ಹೃದಯ ಸರಿಯಿದೆಯೆಂದು ಎಕೋದಲ್ಲಿ ಕಂಡಮೇಲೆ, ಉಳಿದ ಚುಚ್ಚುಮದ್ದನ್ನು ತರಬೇತಿ ಪಡೆದ ನರ್ಸು ತಾಲ್ಲೂಕು ಆಸ್ಪತ್ರೆಯಲ್ಲೇ ಕೊಡುವಂತಾಗಬೇಕು.

ದೂರ, ಖರ್ಚು, ಅರ್ಥವಾಗದ ವರದಿ ಇವೆಲ್ಲ ಸೇರಿದಾಗ ಜನ ಹತ್ತಿರದ ಭರವಸೆಯನ್ನು ಹುಡುಕುತ್ತಾರೆ. ಸಾಗರ ತಾಲ್ಲೂಕಿನ ಆನಂದಪುರದ ಬಳಿಯ ನರಸೀಪುರದಲ್ಲಿ ಕ್ಯಾನ್ಸರಿಗೆ ಮರದ ಚಕ್ಕೆಯ ಮದ್ದು ಸಿಗುತ್ತದೆಂದು ದೇಶದ ಮೂಲೆಮೂಲೆಗಳಿಂದ ಬಂದು ಸಾಲು ನಿಂತವರನ್ನು ಈ ಸೀಮೆ ವರ್ಷಗಳಿಂದ ನೋಡಿದೆ. ಆ ಸಾಲಿನಲ್ಲಿ ನಿಂತವರನ್ನು ಮೂಢರೆಂದು ಜರೆಯುವುದು ಅನ್ಯಾಯ. ಆದರೆ ಒಂದು ವ್ಯತ್ಯಾಸವನ್ನು ಹೇಳದಿರುವುದೂ ಅನ್ಯಾಯವೇ. ಪ್ರತಿಕಾಯ ಔಷಧ, ಪಡೆದವರನ್ನೂ ಪಡೆಯದವರನ್ನೂ ಅಕ್ಕಪಕ್ಕ ಇಟ್ಟು, ಹತ್ತು ವರ್ಷ ಕಾದು, ಎಷ್ಟು ಮಂದಿ ಬದುಕಿದರೆಂದು ಎಣಿಸಿ ತೋರಿಸಿದೆ. ಯಾವ ಮದ್ದೇ ಆಗಲಿ, ಕ್ಯಾನ್ಸರಿನ ವಿಷಯದಲ್ಲಿ ನಂಬಿಕೆ ಗಳಿಸಬೇಕಾದ ದಾರಿ ಅದು. ಚಕ್ಕೆಯ ಕಷಾಯ ಕುಡಿಯುತ್ತ ಬಯಾಪ್ಸಿಯನ್ನು ಮುಂದೂಡಿದರೆ, ವಾಸಿಯಾಗಬಹುದಾದ ಹಂತದ ಗಡ್ಡೆ ವಾಸಿಯಾಗದ ಹಂತಕ್ಕೆ ಹೋಗುತ್ತದೆ.

ನನ್ನ ತೀರ್ಮಾನ ಇಷ್ಟು: ಪ್ರತಿಕಾಯ ಚಿಕಿತ್ಸೆ ನಮ್ಮ ಕಾಲದ ವೈದ್ಯಕೀಯದ ಅತ್ಯುತ್ತಮ ಕೃತಿಗಳಲ್ಲಿ ಒಂದು, ಆದರೆ ಅದನ್ನು ಹಂಚುವ ವ್ಯವಸ್ಥೆ ಆ ಕೃತಿಗೆ ತಕ್ಕದ್ದಾಗಿಲ್ಲ. ಸರ್ಕಾರ ಮಾಡಬೇಕಾದ್ದನ್ನು ಸರ್ಕಾರ ಮಾಡುವವರೆಗೆ ಓದುಗರು ಮಾಡಬಹುದಾದ್ದೂ ಇದೆ. ಮನೆಯ ಹೆಣ್ಣುಮಕ್ಕಳ ಎದೆಯಲ್ಲಿ ನೋವಿಲ್ಲದ ಗಂಟು ಕಂಡರೂ ನಾಚದೆ ವೈದ್ಯರ ಬಳಿ ಕರೆದೊಯ್ಯಿರಿ. ಗಂಟನ್ನು ತೆಗೆಯುವ ಮುನ್ನ ಬಯಾಪ್ಸಿ ಮಾಡುವಿರಾ ಎಂದು ಕೇಳಿರಿ. ವರದಿಯಲ್ಲಿ ಹಾರ್ಮೋನು ಗ್ರಾಹಕಗಳಾದ ಇಆರ್, ಪಿಆರ್ ಮತ್ತು ಹರ್-2 ಮೂರೂ ಬರೆದಿವೆಯೇ ನೋಡಿರಿ. ಹರ್-2 ಎದುರು 2+ ಎಂದಿದ್ದರೆ ಫಿಶ್ ಪರೀಕ್ಷೆ ಆಗುವವರೆಗೆ ಬಿಡಬೇಡಿ.