ಕಿವಿ ಹಿಂಡಿದರೆ ಹಾಡುತ್ತಿದ್ದ ಪೆಟ್ಟಿಗೆ

ಬೆಳ್ತಂಗಡಿ ತಾಲೂಕಿನಲ್ಲಿ, ಘಟ್ಟದ ಬುಡದ ಹಳ್ಳಿಯೊಂದರಲ್ಲಿ ನಮ್ಮ ಖಾಲಾ ಇದ್ದಾರೆ. ಎಪ್ಪತ್ತು ದಾಟಿದ ಜೀವ. ಕಳೆದ ಮಳೆಗಾಲದಲ್ಲಿ ಒಂದು ದಿನ ಅವರ ಫೋನು ಬಂತು. "ಬೇಟಾ, ರೇಡಿಯೋ ನಿಂತುಹೋಗಿದೆ. ಒಮ್ಮೆ ಬಂದು ನೋಡು." ಬಂಟ್ವಾಳದಿಂದ ಹೊರಡುವಾಗ ನಾವು ಬಿ.ಸಿ. ರೋಡಿನ ಅಂಗಡಿಯೊಂದರಲ್ಲಿ ಎರಡು ದೊಡ್ಡ ಸೆಲ್ಲು ಕೊಂಡು ಚೀಲಕ್ಕೆ ಹಾಕಿಕೊಂಡೆವು. ಅಲ್ಲಿ ಹೋಗಿ ನೋಡಿದರೆ ಸೆಲ್ಲಿನ ರೇಡಿಯೋ ಕಪಾಟಿನ ಮೇಲೆ ಧೂಳು ಹಿಡಿದು ಕುಳಿತಿದೆ. ನಿಂತುಹೋದದ್ದು, ದುಬೈಯಲ್ಲಿರುವ ಮಗ ತಂದುಕೊಟ್ಟ ಮೊಬೈಲಿನಲ್ಲಿ ಬರುತ್ತಿದ್ದ ಆಕಾಶವಾಣಿ. ಖಾಲಾ ಪಾಲಿಗೆ ಅದೂ ರೇಡಿಯೋವೇ. ತಪ್ಪೇನು?

ತಪ್ಪೇನೂ ಇಲ್ಲ. ಆದರೆ ಆ ಎರಡು ಪೆಟ್ಟಿಗೆಗಳ ನಡುವಿನ ಅಂತರ ಎಷ್ಟು ದೊಡ್ಡದು ಎಂಬುದು ಅಂದಿನ ಮಧ್ಯಾಹ್ನ ನಮಗೆ ಅರ್ಥವಾಯಿತು. ಅದನ್ನೇ ಇಲ್ಲಿ ಓದುಗರ ಮುಂದಿಡುತ್ತಿದ್ದೇವೆ.

ಮೊದಲು ಒಳ್ಳೆಯ ಮಾತು ಹೇಳಬೇಕು. 'ಆಕಾಶವಾಣಿ' ಎಂಬ ಹೆಸರು 1935ರಲ್ಲಿ ಮೈಸೂರಿನಲ್ಲಿ, ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು ಸ್ವಂತ ಆಸಕ್ತಿಯಿಂದ ಆರಂಭಿಸಿದ ಬಾನುಲಿಯ ಜೊತೆ ಬೆಳಕಿಗೆ ಬಂದದ್ದು. ಮಂಗಳೂರಿನಲ್ಲಿ ಕೇಂದ್ರ ಆರಂಭವಾದದ್ದು 1976ರಲ್ಲಿ. ಕನ್ನಡದ ಜೊತೆಗೆ ತುಳು, ಕೊಂಕಣಿ, ಬ್ಯಾರಿ ಮಾತುಗಳೂ ಯಕ್ಷಗಾನ ತಾಳಮದ್ದಳೆಯೂ ಆ ಕೇಂದ್ರದಿಂದ ಮನೆಮನೆಗೆ ಬಂದವು. ಬ್ಯಾರಿ ಭಾಷೆಗೆ ಸರಕಾರದ ಅಕಾಡೆಮಿ ಸಿಕ್ಕಿದ್ದು 2009ರಲ್ಲಿ. 'ಬ್ಯಾರಿ' ಚಲನಚಿತ್ರ ರಾಷ್ಟ್ರಮಟ್ಟದ ಅತ್ಯುತ್ತಮ ಚಿತ್ರ ಪ್ರಶಸ್ತಿಯನ್ನು ಹಂಚಿಕೊಂಡದ್ದು 2011ರ ಸಾಲಿಗೆ. ಅಚ್ಚಿನಲ್ಲಿ ಅಷ್ಟಾಗಿ ಕಾಣದ ಮನೆಮಾತುಗಳಿಗೆ ಬಾನುಲಿಯಲ್ಲಿ ಸಿಗುವ ಕೆಲವು ನಿಮಿಷಗಳೂ ದೊಡ್ಡ ಮರ್ಯಾದೆಯೇ.

ಈಗ ಅದೇ ದನಿ ಅಂತರ್ಜಾಲದಲ್ಲಿ ಬರುತ್ತಿದೆ. ಪ್ರಸಾರ ಭಾರತಿಯ 'ನ್ಯೂಸ್ ಆನ್ ಏರ್' ಆ್ಯಪಿನಲ್ಲಿ ದೇಶದ ಇನ್ನೂರಕ್ಕೂ ಹೆಚ್ಚು ಬಾನುಲಿ ವಾಹಿನಿಗಳು ಒಂದೇ ಕಡೆ ಸಿಗುತ್ತವೆ. 2024ರ ನವೆಂಬರ್ 20ರಂದು ಗೋವಾದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಬಿಡುಗಡೆಯಾದ 'ವೇವ್ಸ್' ದೂರದರ್ಶನದ ವಾಹಿನಿಗಳನ್ನೂ ಹಳೆಯ ಧಾರಾವಾಹಿಗಳನ್ನೂ ಬಾನುಲಿಯನ್ನೂ ಒಟ್ಟಿಗೆ ಕೊಡುತ್ತದೆ. ದುಬೈಯಲ್ಲಿ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ. ಅಲ್ಲಿಯ ಕೋಣೆಯೊಂದರಲ್ಲಿ ಖಾಲಾ ಮಗ ಮಂಗಳೂರು ಕೇಂದ್ರವನ್ನು ಕೇಳುತ್ತಾನೆ, ಇಲ್ಲಿ ಅವನ ತಾಯಿ ಅದನ್ನೇ ಕೇಳುತ್ತಾರೆ. ಇದನ್ನು ಸಣ್ಣ ಸಂಗತಿ ಎನ್ನಲು ನಮಗೆ ಮನಸ್ಸಿಲ್ಲ.

ಖಾಲಾ ಊರಿಗೆ ಮೊಬೈಲಿನ ದಾರಿ ಬೇಕಾದದ್ದಕ್ಕೆ ಇನ್ನೊಂದು ಕಾರಣವಿದೆ. ಮಂಗಳೂರಿನ 100.3 ಎಫ್.ಎಂ. ನಮ್ಮ ಬಂಟ್ವಾಳದ ಮನೆಯಲ್ಲಿ ಸ್ಪಷ್ಟ. ಮೂಡಬಿದಿರೆಯಲ್ಲಿರುವ ಖಾಲಾ ಮಗಳ ಮನೆಯಲ್ಲೂ ಸ್ಪಷ್ಟ. ಆದರೆ ಎಫ್.ಎಂ. ಅಲೆಗಳು ಹೆಚ್ಚುಕಡಿಮೆ ಕಣ್ಣಿನ ನೋಟದಂತೆ ನೇರವಾಗಿ ಸಾಗುತ್ತವೆ, ಗುಡ್ಡ ಅಡ್ಡ ಬಂದರೆ ಅದರ ಮರೆಯಲ್ಲಿ ಬಡವಾಗುತ್ತವೆ. ಟಿಪ್ಪುವಿನ ಕೋಟೆಯಿರುವ ಗಡಾಯಿಕಲ್ಲು, ಅದರ ಹಿಂದೆ ಕುದುರೆಮುಖದ ಸಾಲು. ಈ ಸೀಮೆಯ ತಗ್ಗುಗಳಲ್ಲಿರುವ ಮನೆಗೆ ದನಿಯ ಜೊತೆ ಗೊರಗೊರ ಸದ್ದೂ ಬರುತ್ತದೆ. ಯಾರ ತಪ್ಪೂ ಅಲ್ಲ, ಗುಡ್ಡದ ತಪ್ಪು. ಮೊಬೈಲಿಗೆ ಹತ್ತಿರದಲ್ಲೊಂದು ಟವರಿದ್ದರೆ ಸಾಕು.

ಇನ್ನು ದುರಸ್ತಿಯ ಕಥೆ. ದನಿ ಎರಡು ನಿಮಿಷ ಬರುತ್ತದೆ, ನಿಲ್ಲುತ್ತದೆ. ಖಾಲಾ ಆ್ಯಪಿನ ಮೇಲೆ ಬೇಸರಗೊಂಡಿದ್ದರು. ನಾವು ಅದೇ ಕೇಂದ್ರವನ್ನು ನಮ್ಮ ಫೋನಿನಲ್ಲಿ ಹಾಕಿದೆವು. ಸರಾಗವಾಗಿ ಬಂತು. ಅಂದರೆ ಕಳಿಸುವವರಲ್ಲಿ ದೋಷವಿಲ್ಲ, ಟವರಿನಲ್ಲೂ ಇಲ್ಲ. ಹುಡುಕಿದಾಗ ಮೂರು ಕಾರಣ ಸಿಕ್ಕಿದವು. ಮೊದಲನೆಯದು, ಬ್ಯಾಟರಿ ಉಳಿಸುವ ವ್ಯವಸ್ಥೆ. ಪರದೆ ಆರಿದ ಕೂಡಲೇ ಫೋನು ತಾನಾಗಿ ಆ್ಯಪನ್ನು ಮಲಗಿಸುತ್ತಿತ್ತು. ಸೆಟ್ಟಿಂಗ್ಸಿನಲ್ಲಿ ಆ ಒಂದು ಆ್ಯಪಿಗೆ ಬ್ಯಾಟರಿಯ ನಿರ್ಬಂಧ ಬೇಡವೆಂದು ಗುರುತು ಮಾಡಿದೆವು. ಎರಡನೆಯದು, ಫೋನಿನ ಜಾಗವೆಲ್ಲ ವಾಟ್ಸಾಪಿನ ಶುಭೋದಯದ ಚಿತ್ರಗಳಿಂದ ತುಂಬಿತ್ತು. ಅವನ್ನು ಅಳಿಸಿ, ಆ್ಯಪಿನ ಕ್ಯಾಶ್ ತೆಗೆದು, ಹೊಸ ಆವೃತ್ತಿ ಹಾಕಿದೆವು. ಮೂರನೆಯದು, ಫೋನಿನ ತಾರೀಕು ತಪ್ಪಿತ್ತು. ಸುರಕ್ಷಿತ ಸಂಪರ್ಕ ಬೇಡುವ ಸೇವೆಗಳು ತಾರೀಕು ಬಹಳ ತಪ್ಪಿದ ಫೋನನ್ನು ನಂಬುವುದಿಲ್ಲ. 'ಸ್ವಯಂಚಾಲಿತ ಸಮಯ' ಒತ್ತಿದೊಡನೆ ಅದೂ ಸರಿಯಾಯಿತು.

ಇಷ್ಟಾದ ಮೇಲೂ ದನಿ ತಡವರಿಸಿದರೆ ಅದು ಜಾಲದ ಸಮಸ್ಯೆ. ಅಂತರ್ಜಾಲದ ಬಾನುಲಿ ಒಂದೇ ಧಾರೆಯಾಗಿ ಬರುವುದಿಲ್ಲ, ಸಾಮಾನ್ಯವಾಗಿ ಕೆಲವು ಸೆಕೆಂಡುಗಳ ತುಣುಕುಗಳಾಗಿ ಬರುತ್ತದೆ. ಫೋನು ನಾಲ್ಕಾರು ತುಣುಕುಗಳನ್ನು ಮುಂಗಡವಾಗಿ ಕೂಡಿಟ್ಟುಕೊಂಡು ನುಡಿಸುತ್ತದೆ. ಬಸ್ಸಿನಲ್ಲಿ ಒಂದು ಟವರಿನಿಂದ ಇನ್ನೊಂದಕ್ಕೆ ಹಾರುವಾಗ ಕೂಡಿಟ್ಟದ್ದು ಮುಗಿದರೆ ಮೌನ. ಫೋನು 5ಜಿ ಮತ್ತು 4ಜಿ ನಡುವೆ ಹೊಯ್ದಾಡುವ ಊರಿನಲ್ಲಿ 4ಜಿಗೇ ಕಟ್ಟಿಹಾಕಿದರೆ ಎಷ್ಟೋ ಸಲ ಗುಣವಾಗುತ್ತದೆ. ಸೆಕೆಂಡಿಗೆ 64 ಕಿಲೋಬಿಟ್‌ನಂತೆ ಹರಿಯುವ ಬಾನುಲಿಗೆ ಗಂಟೆಗೆ ಸುಮಾರು 29 ಎಂಬಿ ಸಾಕು. ವೀಡಿಯೋಕ್ಕೆ ಅದರ ಹಲವು ಪಟ್ಟು ಬೇಕು. ಆದ್ದರಿಂದ ಜಾಲ ಬಡವಾಗಿರುವ ಊರಿನವರು ದೃಶ್ಯ ಬಿಟ್ಟು ದನಿಯನ್ನಷ್ಟೇ ಕೇಳುವುದು ಜಾಣತನ.

ಖಾಲಾ ಓದಿದ್ದು ಉರ್ದು ಶಾಲೆಯಲ್ಲಿ. ನಾವು ಫೋನಿನ ಭಾಷೆಯನ್ನೇ ಉರ್ದುವಿಗೆ ತಿರುಗಿಸಿದೆವು. ಪರದೆ ಬಲದಿಂದ ಎಡಕ್ಕೆ ಹೊರಳಿಕೊಂಡಿತು. ಖಾಲಾ ಕನ್ನಡಕ ಏರಿಸಿ ಒಂದೊಂದೇ ಸಾಲು ಓದಿದರು. ಆಕಾಶವಾಣಿಯ ಉರ್ದು ಸರ್ವಿಸ್ ಹಾಕಿಕೊಟ್ಟಾಗ ಅವರ ಮುಖ ನೋಡಬೇಕಿತ್ತು. ಒಂದು ಕಾಲದಲ್ಲಿ ರಾತ್ರಿ ಎಲ್ಲರೂ ಮಲಗಿದ ಮೇಲೆ ಕಿವಿಯನ್ನು ರೇಡಿಯೋಕ್ಕೆ ಅಂಟಿಸಿ, ದಿಲ್ಲಿಯಿಂದ ತೇಲಿ ಮುಳುಗಿ ಬರುತ್ತಿದ್ದ ಫರ್ಮಾಯಿಶಿ ಹಾಡುಗಳನ್ನು ಅವರು ಕೇಳುತ್ತಿದ್ದರಂತೆ. ಈಗ ಅದು ಪಕ್ಕದ ಕೋಣೆಯಿಂದ ಬಂದಷ್ಟು ಸ್ಪಷ್ಟ.

ಆಮೇಲೆ ಅವರು ಮೆಲ್ಲನೆ ಒಂದು ಮಾತು ಹೇಳಿದರು. "ಆ ರೇಡಿಯೋ ಹಚ್ಚೋಕೆ ನಾನು ಯಾರನ್ನೂ ಕರೀತಿರಲಿಲ್ಲ, ಬೇಟಾ."

ನಮ್ಮ ವಿಮರ್ಶೆಯೆಲ್ಲ ಆ ಒಂದು ಮಾತಿನಲ್ಲಿದೆ. ಸೆಲ್ಲಿನ ರೇಡಿಯೋಕ್ಕೆ ಎರಡು ಕಿವಿ. ಒಂದನ್ನು ಹಿಂಡಿದರೆ ದನಿ, ಇನ್ನೊಂದನ್ನು ಹಿಂಡಿದರೆ ಕೇಂದ್ರ. ಗೊರಗೊರ ಅಂದರೆ ಏರಿಯಲ್ ತಿರುಗಿಸುವುದು, ಇಲ್ಲವೇ ಕಿಟಕಿಯ ಹತ್ತಿರ ಇಡುವುದು. ಅಕ್ಷರ ಬಾರದವರೂ ಕಣ್ಣು ಮಂದವಾದವರೂ ಅದನ್ನು ತಾವೇ ರಿಪೇರಿ ಮಾಡಿಕೊಳ್ಳುತ್ತಿದ್ದರು. ಹೊರಗಿನ ಲೋಕಕ್ಕೆ ಹೆಜ್ಜೆಯಿಡಲು ಅಪ್ಪನ, ಗಂಡನ, ಮಗನ ಅನುಮತಿ ಕಾಯಬೇಕಾಗಿದ್ದ ಎಷ್ಟೋ ಹೆಣ್ಣುಮಕ್ಕಳಿಗೆ ಯಾರನ್ನೂ ಕೇಳದೆ ಲೋಕವನ್ನು ಕೇಳುವ ದಾರಿ ಅದೊಂದೇ ಆಗಿತ್ತು. ಮೊಬೈಲು ಖಾಲಾಗೆ ದಿಲ್ಲಿಯನ್ನು ಕೊಟ್ಟಿತು. ಆದರೆ ಅದನ್ನು ತೆರೆಯುವ ಕೀಲಿಯನ್ನು ಮತ್ತೆ ಮಗನ, ಅಕ್ಕನ ಮಗನ ಕೈಗೆ ಒಪ್ಪಿಸಿತು.

ಖರ್ಚಿನ ಮಾತೂ ಇದೆ. ಹಿಂದೆ ರೇಡಿಯೋ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಶುಲ್ಕ ಕಟ್ಟಬೇಕಿತ್ತು. 1980ರ ದಶಕದಲ್ಲಿ ಅದು ರದ್ದಾಯಿತು. ಈಗ ಆ್ಯಪಿನಲ್ಲಿ ಆಕಾಶವಾಣಿ ಉಚಿತ, ಆದರೆ ರಿಚಾರ್ಜ್ ಮುಗಿದ ದಿನ ಆಕಾಶವೂ ಇಲ್ಲ, ವಾಣಿಯೂ ಇಲ್ಲ. ಲೈಸೆನ್ಸ್ ಹೊಸ ವೇಷದಲ್ಲಿ ಮರಳಿದೆ ಎಂದರೆ ಅತಿಯಾದೀತೇ? ಜೊತೆಗೆ ತಡವೂ ಉಂಟು. ತುಣುಕು ಕೂಡಿಸುವ ಈ ವಿಧಾನದಲ್ಲಿ ದನಿ ಅರ್ಧ ನಿಮಿಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಹಿಂದೆ ಬೀಳಬಹುದು. ಆ್ಯಪಿನಲ್ಲಿ ಬರುವ ವೇಳೆಯ ಸದ್ದಿಗೆ ಗೋಡೆ ಗಡಿಯಾರ ಹೊಂದಿಸಿಕೊಂಡರೆ ರಮಝಾನಿನಲ್ಲಿ ಸಹರಿ ಮುಗಿಸುವವರಿಗೆ ಆ ಅರ್ಧ ನಿಮಿಷವೂ ಮುಖ್ಯ.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಬೇರೆ. ದೂರದರ್ಶನದ ಹಳೆಯ ಅನಲಾಗ್ ಭೂಪ್ರಸಾರ 2022ರ ಹೊತ್ತಿಗೆ ದೇಶದಲ್ಲಿ ಬಹುಪಾಲು ನಿಂತಿತು. ಹಲವು ಮೀಡಿಯಂ ವೇವ್ ಪ್ರೇಷಕಗಳನ್ನೂ ಮುಚ್ಚಲಾಗಿದೆ. "ಎಲ್ಲರ ಕೈಯಲ್ಲೂ ಮೊಬೈಲಿದೆಯಲ್ಲ" ಎಂಬುದು ಸಲೀಸಾದ ಉತ್ತರ. 2019ರ ಆಗಸ್ಟನ್ನು ನೆನಪಿಸಿಕೊಳ್ಳೋಣ. ನೇತ್ರಾವತಿ ಉಕ್ಕಿ ಬಂಟ್ವಾಳದ ತಗ್ಗು ಪ್ರದೇಶಗಳು ಮುಳುಗಿದವು, ಬೆಳ್ತಂಗಡಿಯ ಘಟ್ಟದಂಚಿನ ಹಳ್ಳಿಗಳಿಗೆ ಪ್ರವಾಹ ನುಗ್ಗಿತು, ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಜರಿದು ರಸ್ತೆ ಮುಚ್ಚಿತು. ಅಂಥ ದಿನಗಳಲ್ಲಿ ಮೊದಲು ಹೋಗುವುದು ಕರೆಂಟು, ಅದರ ಹಿಂದೆಯೇ ಟವರು. ಪ್ರೇಷಕ ದೂರದ ಗುಡ್ಡದ ಮೇಲೆ ಜೀವಂತವಿದ್ದರೆ ಎರಡು ಸೆಲ್ಲಿನ ಪೆಟ್ಟಿಗೆ ಕತ್ತಲಲ್ಲೂ ಮಾತಾಡುತ್ತದೆ. ಆ ಹೊತ್ತಿಗೆ ಗೊರಗೊರ ಸದ್ದಿನ ನಡುವಿನ ಒಂದು ವಾಕ್ಯವೂ ಜೀವ ಉಳಿಸಬಲ್ಲದು. ಮೊಬೈಲು ರೇಡಿಯೋದ ತಂಗಿಯಾಗಲಿ, ಸವತಿಯಾಗುವುದು ಬೇಡ.

ಇದರಲ್ಲಿ ನಾವು ಮಾಡಬಹುದಾದದ್ದೂ ಇದೆ. ಸಾರ್ವಜನಿಕ ಪ್ರಸಾರಕ್ಕೆ 'ಸಾರ್ವಜನಿಕ' ಎಂಬ ಹೆಸರು ಬಂದದ್ದು ಕೊನೆಯ ಮನೆಯ ಲೆಕ್ಕದಿಂದ. ಆ್ಯಪ್ ನಿಂತರೆ ಏನು ಮಾಡಬೇಕೆಂದು ತುಳು, ಬ್ಯಾರಿ, ಕೊಂಕಣಿಯಲ್ಲಿ ಐದು ನಿಮಿಷದ ಪಾಠವನ್ನು ಬಾನುಲಿಯೇ ಹೇಳಿಕೊಡಬಹುದು. ಕಾಲೇಜಿಗೆ ಹೋಗುವ ಮಕ್ಕಳು ಅಜ್ಜಿಯ ಫೋನು ಕಸಿದು ತಾವೇ ಸರಿಮಾಡಿ ಕೊಡುವ ಬದಲು, ಅಜ್ಜಿಯ ಬೆರಳಿನಿಂದಲೇ ಮಾಡಿಸಬಹುದು. ನಾವು ಅಂದು ಎರಡನೇ ಸಲ ಹಾಗೆಯೇ ಮಾಡಿದೆವು. ಎಲ್ಲವನ್ನೂ ಮತ್ತೆ ಹಳೆಯ ಸ್ಥಿತಿಗೆ ತಂದು, ಖಾಲಾ ಕೈಯಿಂದಲೇ ಸರಿಮಾಡಿಸಿದೆವು. ಮುಕ್ಕಾಲು ಗಂಟೆ ಹಿಡಿಯಿತು. ಆ ನಡುವೆ ಎರಡು ಸಲ ಚಹಾ ಆಯಿತು.

ಹೊರಡುವಾಗ ಚೀಲದಲ್ಲಿದ್ದ ಸೆಲ್ಲುಗಳು ನೆನಪಾದವು. ಕಪಾಟಿನ ಮೇಲಿನ ರೇಡಿಯೋ ಇಳಿಸಿ, ಒರೆಸಿ, ಹಾಕಿಕೊಟ್ಟೆವು. ಖಾಲಾ ಕಿವಿ ಹಿಂಡಿದರು. ಗೊರಗೊರ ಸದ್ದಿನ ನಡುವೆ ಮಂಗಳೂರು ಕೇಳಿಸಿತು. ಈಗ ಎರಡೂ ಪೆಟ್ಟಿಗೆಗಳು ಅವರ ತಲೆದಿಂಬಿನ ಬಳಿ ಇವೆ. ಆಮೇಲೆ ಅವರಿಂದ ಫೋನು ಬಂದಿದೆ, ರಿಪೇರಿಗೆ ಕರೆಯಲು ಅಲ್ಲ, ಮೂಡಬಿದಿರೆಯ ಮಗಳ ಫೋನು ತಾನೇ ಸರಿಮಾಡಿಕೊಟ್ಟೆನೆಂದು ಹೇಳಲು.