ಬೋರ್ಹೆಸ್‌ನ ಹಳದಿ, ನನ್ನ ಬಸ್ಸಿನ ಬೋರ್ಡು

ನನ್ನ ಕಾರ್ನಿಯಾ ಶಂಕುವಿನಂತೆ ಉಬ್ಬಿದೆ, ಕೆರಟೋಕೋನಸ್ ಎನ್ನುತ್ತಾರೆ. ಕನ್ನಡಕ ಹಾಕಿದರೂ ಪೂರ್ತಿ ಸರಿಹೋಗುವುದಿಲ್ಲ, ಗಟ್ಟಿ ಲೆನ್ಸನ್ನು ಕಣ್ಣು ಹೆಚ್ಚು ಹೊತ್ತು ತಾಳುವುದಿಲ್ಲ. ಬೋರ್ಹೆಸ್ 1977ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಕುರುಡುತನದ ಬಗ್ಗೆ ಮಾಡಿದ ಉಪನ್ಯಾಸವನ್ನು ಫೋನಿನಲ್ಲಿ ಅಕ್ಷರ ಹಿಗ್ಗಿಸಿಕೊಂಡು, ಸಾಲಿಗೆ ಮೂರು ಪದದಂತೆ ಓದಿದೆ.

ಅದರಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಬಣ್ಣಗಳ ಭಾಗ. ಕುರುಡೆಂದರೆ ಕತ್ತಲೆ ಎಂಬ ನಂಬಿಕೆಯನ್ನು ಆತ ಒಡೆಯುತ್ತಾನೆ. ಅವನಿಗೆ ಕಳೆದುಹೋದದ್ದೇ ಕಪ್ಪು, ಜೊತೆಗೆ ಕೆಂಪು. ಹಳದಿ ಮಾತ್ರ ಕೈಬಿಡಲಿಲ್ಲ. ಸುತ್ತ ಮಂಜು. ಇಷ್ಟು ಕರಾರುವಾಕ್ಕಾಗಿ ಯಾವ ಕಣ್ಣಿನ ಡಾಕ್ಟರೂ ನನ್ನನ್ನು ಕೇಳಿದ್ದಿಲ್ಲ.

ಆಮೇಲೆ ಹೋಮರ್, ಮಿಲ್ಟನ್, ಜಾಯ್ಸ್ ಬರುತ್ತಾರೆ, ಕುರುಡುತನ ಕಲಾವಿದನ ಸಾಧನವಾಗುತ್ತದೆ. ನನ್ನ ತಕರಾರು ಇಲ್ಲಿ. 1955ರಲ್ಲಿ ರಾಷ್ಟ್ರೀಯ ಗ್ರಂಥಾಲಯದ ನಿರ್ದೇಶಕನಾದವನಿಗೆ ಓದಿ ಹೇಳಲು, ಹೇಳಿದ್ದನ್ನು ಬರೆದುಕೊಳ್ಳಲು ತಾಯಿ ಲಿಯೊನೋರ್ ಇದ್ದಳು. ನನಗೂ ಅಕ್ಕನಿದ್ದಾಳೆ, ಆದರೆ ಬೆಳಗ್ಗೆ ಎಂಟಕ್ಕೆ ಬಸ್‌ಸ್ಟಾಪಿನಲ್ಲಿ ಇರುವುದಿಲ್ಲ. ಬೋರ್ಡು ಓದಿಕೊಡಿ ಎಂದರೆ, ಕನ್ನಡಕ ಹಾಕಿದ್ದೀರಲ್ಲ ಎನ್ನುತ್ತಾರೆ. ಎದುರು ಬಂದು ನಕ್ಕವರ ಗುರುತು ಸಿಗದೆ ಜಂಬದವನು ಅನ್ನಿಸಿಕೊಂಡಿದ್ದೇನೆ. ಪೂರ್ತಿ ಕುರುಡನೂ ಅಲ್ಲದ, ಕಾಣುವವನೂ ಅಲ್ಲದ ಈ ಪೇಚಾಟಕ್ಕೆ ಮಹಾಕವಿಗಳ ಪಟ್ಟಿ ಉತ್ತರವಲ್ಲ.

ಆದರೂ ಒಂದು ಕಡೆ ಸೋತೆ. ಓದಲಾರದವನು ವಿದ್ಯಾರ್ಥಿಗಳ ಜೊತೆ ಹಳೆಯ ಇಂಗ್ಲಿಷ್ ಕಲಿಯಲು ಕೂತು, ಲಂಡನ್, ರೋಮ್‌ಗಳ ಪ್ರಾಚೀನ ಹೆಸರು ಸಿಕ್ಕ ಖುಷಿಗೆ ಎಲ್ಲರೂ ಬೀದಿಗಿಳಿದು ಅವನ್ನೇ ಕೂಗುತ್ತಾರೆ. ಆ ಪುಟವನ್ನು ಎರಡು ಸಲ ಓದಿದೆ. ಬಲಗಣ್ಣು ಉರಿಯತೊಡಗಿತು, ಲೆನ್ಸ್ ತೆಗೆದಿಟ್ಟು ಮೂರನೆಯ ಸಲ ಅಕ್ಕನಿಂದ ಓದಿಸಿದೆ.